ಚಿನ್ನಕ್ಕನ ಹೆಸರಿನ ಎಲೆ

"ಅವ್ಳೇ ಚಿನ್ನಕ್ಕ," ಎಂದರು ದೊಡ್ಡೀರಪ್ಪ, ಪರದೆಯ ಕಡೆ ನೋಡದೆಯೇ.

ನೋಡದೆ ಗುರುತು ಹಿಡಿಯುವ ಸಾಕ್ಷಿಗಳನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಪೊಲೀಸ್ ಇಲಾಖೆಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡು, ನಿವೃತ್ತಿಯಾದ ಮೇಲೆ ಚಳ್ಳಕೆರೆಯಲ್ಲಿ ಜನರ ಕಳೆದುಹೋದ ವಸ್ತು, ಕಳೆದುಹೋದ ಮನುಷ್ಯರನ್ನು ಹುಡುಕಿಕೊಡುವ ವನಜಾಕ್ಷಿ ನಾನು. ಸುಳ್ಳು ಹೇಳುವವರು ಕಣ್ಣು ತಪ್ಪಿಸುತ್ತಾರೆ ಅನ್ನುವುದು ಸಿನಿಮಾ ಮಾತು. ಸಂಕಟ ಇದ್ದರೆ ನಿಜ ಹೇಳುವವರೂ ತಪ್ಪಿಸುತ್ತಾರೆ. ಹಾಗಾಗಿ ನಾನು ದೊಡ್ಡೀರಪ್ಪನವರ ಮುಖ ಬಿಟ್ಟು ಪರದೆ ನೋಡಿದೆ.

ಅದು ನಾಗಭೂಷಣನ ಟಾಕೀಸಿನ ಹರಿದ ಪರದೆ. ಟಾಕೀಸು ಮುಚ್ಚಿ ಯಾವ ಕಾಲವಾಯಿತೋ. ಈಗ ಅಲ್ಲಿ ಕುರ್ಚಿಗಳಿಗಿಂತ ಶೇಂಗಾ ಚೀಲಗಳೇ ಹೆಚ್ಚು. ಆದರೂ ಅಪ್ಪನ ಕಾಲದ ಪ್ರೊಜೆಕ್ಟರನ್ನು ಅವನು ಮನೆದೇವರ ಹಾಗೆ ಒರೆಸಿ, ಎಣ್ಣೆ ಹಾಕಿ ಇಟ್ಟಿದ್ದಾನೆ. ಹೋದ ವಾರ ನನ್ನಿವಾಳ ಗ್ರಾಮದಲ್ಲಿ ದೊಡ್ಡೀರಪ್ಪನವರ ಅಟ್ಟದ ಮೇಲೆ, ಹಳೇ ಕಂಬಳಿಯೊಳಗೆ ನನಗೆ ಸಿಕ್ಕ 'ಹೊಂಡದ ದೀಪ' ಸಿನಿಮಾದ ಕೊನೆಯ ರೀಲು ಹುಳಿ ವಾಸನೆ ಬೀರುತ್ತಾ, ಅಲ್ಲಲ್ಲಿ ಕುಂಟುತ್ತಾ, ಅಂತೂ ತಿರುಗುತ್ತಿತ್ತು.

'ಹೊಂಡದ ದೀಪ'ದ ಕಥೆ ಗೊತ್ತಿಲ್ಲದವರು ನಮ್ಮ ಎರಡು ತಾಲ್ಲೂಕಿನಲ್ಲಿ ಸಿಗುವುದು ಕಷ್ಟ. ಮೊಳಕಾಲ್ಮೂರಿನ ಮೇಷ್ಟರೊಬ್ಬರು ಬರೆದ ಕಾದಂಬರಿ. ಸಾಹುಕಾರನ ಮಗಳು ಸುಗಂಧಿ, ರೇಷ್ಮೆ ಸೀರೆ ನೇಯುವ ಹುಡುಗ. ಇಬ್ಬರನ್ನೂ ಅಗಲಿಸುತ್ತಾರೆ, ಅವನು ಊರು ಬಿಡುತ್ತಾನೆ, ಅವಳು ಅವನು ನೇಯ್ದ ಸೀರೆ ಉಟ್ಟು, ಕೈಯಲ್ಲಿ ದೀಪ ಹಿಡಿದು ಹೊಂಡಕ್ಕೆ ಇಳಿಯುತ್ತಾಳೆ. ನಮ್ಮ ಅಕ್ಕಂದಿರು ಆ ಪುಸ್ತಕವನ್ನು ಓದಿ ಓದಿ ಅತ್ತು, ಬೈಂಡು ಕಿತ್ತು, ಮತ್ತೆ ಹೊಲಿದು ಓದಿದವರು. ಆಮೇಲೆ ಅದು ಕಪ್ಪುಬಿಳುಪು ಸಿನಿಮಾ ಆಯಿತು. ಮದರಾಸಿನಿಂದ ಬಂದ ಯೂನಿಟ್ಟು ಸಿದ್ದಾಪುರದ ಬಂಡೆಗಳ ನಡುವಿನ ಹೊಂಡದಲ್ಲೇ ಕೊನೆಯ ದೃಶ್ಯ ತೆಗೆಯಿತು.

ಈಗ ಎಲ್ಲರ ಮೊಬೈಲಿನಲ್ಲಿ ಸಿಗುವ ಸಿನಿಮಾ ನೀರಿನ ಮೇಲೆ ತೇಲುವ ದೀಪದೊಂದಿಗೆ ಮುಗಿಯುತ್ತದೆ. ಅವಳು ನೀರಿಗೆ ನಡೆದುಹೋಗುವುದು ಕಾಣುವುದಿಲ್ಲ. ಅದು ಇದ್ದದ್ದು ಮೊದಲ ಪ್ರತಿಯಲ್ಲಿ ಮಾತ್ರ. ಆ ಪ್ರತಿ ಇದೇ ಟಾಕೀಸಿನಲ್ಲಿ ಕೆಲವು ದಿನ ಓಡಿತು, ಆಮೇಲೆ ಅದರ ಕೊನೆಯ ರೀಲು ಮಾಯವಾಯಿತು.

ರೀಲಿಗಿಂತ ಮೊದಲೇ ಒಂದು ಹುಡುಗಿ ಮಾಯವಾಗಿದ್ದಳು. ನೀರಿಗೆ ಹೆದರುತ್ತಿದ್ದ ನಾಯಕಿಗೆ ಡೂಪ್ ಆಗಿ ಪಕ್ಕದ ಹಟ್ಟಿಯ ಚಿನ್ನಕ್ಕನನ್ನು ಕರೆದಿದ್ದರು. ಕುರಿ ಕಾಯುವ ಮನೆಯವಳು, ಈಜು ಬಲ್ಲವಳು. ಶೂಟಿಂಗಿನ ಕೊನೆಯ ದಿನ ಹೋದವಳು ಮನೆಗೆ ಬರಲಿಲ್ಲ. ಯೂನಿಟ್ಟಿನ ವ್ಯಾನಿನಲ್ಲಿ ಯಾರದೋ ಜೊತೆ ಓಡಿಹೋದಳು ಎಂದು ಊರು ಮಾತಾಡಿಕೊಂಡಿತು. ಅವಳ ಅಪ್ಪ ಮನೆಯಲ್ಲಿ ಆ ಹೆಸರು ಎತ್ತಬಾರದು ಎಂದು ಹೇಳಿ, ಸಾಯುವವರೆಗೂ ಎತ್ತಲಿಲ್ಲ.

ನನ್ನ ಬಳಿಗೆ ಬಂದದ್ದು ಚಿನ್ನಕ್ಕನ ತಂಗಿ ಪಾತಮ್ಮ. ಆಗ ಲಂಗ ಹಾಕುವ ಹುಡುಗಿ, ಈಗ ಅರವತ್ತರ ಹೆಂಗಸು. ನ್ಯಾಯ ಬೇಕು, ಶಿಕ್ಷೆ ಆಗಬೇಕು ಎಂದೇನೂ ಅವಳು ಕೇಳಲಿಲ್ಲ. ಹಿರಿಯರ ಹಬ್ಬದ ದಿನ ಸತ್ತವರಿಗೆಲ್ಲ ಹೊಸ ಬಟ್ಟೆ ಇಟ್ಟು, ಎಲೆ ಹಾಕಿ, ಹೆಸರು ಹಿಡಿದು ಕರೆದು ಎಡೆ ಇಡುತ್ತಾರಲ್ಲ, ಆ ಸಾಲಿನಲ್ಲಿ ಅಕ್ಕನಿಗೂ ಒಂದು ಎಲೆ ಹಾಕಬೇಕೋ ಬೇಡವೋ ಎಂಬುದಷ್ಟೇ ಅವಳ ಪ್ರಶ್ನೆ. ಸತ್ತಿದ್ದರೆ ಇಷ್ಟು ವರ್ಷ ಅಕ್ಕನನ್ನು ಹಸಿವಿನಲ್ಲಿ ತಿರುಗಿಸಿದ ಪಾಪ ತನ್ನದು. ಬದುಕಿದ್ದರೆ, ಬದುಕಿದವಳಿಗೆ ಎಡೆ ಇಟ್ಟು ಕೈಯಾರೆ ಕೊಂದ ಪಾಪವೂ ತನ್ನದೇ. ಪ್ರತಿ ವರ್ಷ ಒಂದು ಎಲೆ ಹೆಚ್ಚಿಗೆ ತೊಳೆದು, ಒರೆಸಿ, ಕೊನೆಗೆ ದನದ ಮುಂದೆ ಹಾಕುತ್ತಾಳಂತೆ. ಇದನ್ನು ಕೇಳಿದ ಮೇಲೆ ಫೀಸಿನ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಪರದೆಯ ಮೇಲೆ ಬೆನ್ನು ತಿರುಗಿಸಿದ ಹೆಣ್ಣೊಬ್ಬಳು ಬಂಡೆಗಳ ನಡುವಿನ ಮೆಟ್ಟಿಲು ಇಳಿಯುತ್ತಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ದೀಪ. ಇನ್ನೊಂದು ಕೈಯಿಂದ ನೆರಿಗೆ ಎತ್ತಿಕೊಂಡಿದ್ದಳು. ಮೊಣಕಾಲು, ಸೊಂಟ, ಹೆಗಲು ಮುಳುಗಿದವು. ದೀಪ ನೀರಿನ ಮೇಲೆ ಉಳಿಯಿತು. ಅವಳು ಮೇಲೆ ಬರಲಿಲ್ಲ. ಅಂಚಿನಲ್ಲಿ ಯಾರೋ ಓಡಿಬಂದ ನೆರಳು ಬಿತ್ತು, ಅಷ್ಟಕ್ಕೆ ಚಿತ್ರ ತುಂಡಾಯಿತು.

ಪ್ರೊಜೆಕ್ಟರಿನ ಕಿಂಡಿಯ ಆಚೆ ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ನಾಗಭೂಷಣ ಕಥೆ ಗೊತ್ತಿದ್ದೂ ಅಳುವ ಪೈಕಿ.

ಆ ಕತ್ತಲಲ್ಲೇ ದೊಡ್ಡೀರಪ್ಪ ತಪ್ಪೊಪ್ಪಿಕೊಂಡರು. ಅವರು ಚಿನ್ನಕ್ಕನ ಸೋದರಮಾವನ ಮಗ. ಆ ವರ್ಷ ಅವಳನ್ನು ಅವರಿಗೇ ಕೊಡುವುದೆಂದು ಮಾತಾಗಿತ್ತು. ಯೂನಿಟ್ಟಿಗೆ ಗಾಡಿ, ಆಳು, ಊಟ ಹೊಂದಿಸುತ್ತಿದ್ದವರೂ ಅವರೇ. ಸೀರೆ ಕಾಲಿಗೆ ಸುತ್ತಿಕೊಂಡು ಅವಳು ಮುಳುಗಿದಳು; ಎತ್ತುವಷ್ಟರಲ್ಲಿ ಉಸಿರು ಹೋಗಿತ್ತು; ಸಿನಿಮಾದವರು ಹೆದರಿ ಗಂಟುಮೂಟೆ ಕಟ್ಟಿದರು; ಬಂಡೆಗಳ ಹಿಂದೆ ಮಣ್ಣು ಮಾಡಿದ್ದು ತಾನು, ಓಡಿಹೋದಳು ಎಂದು ಸುದ್ದಿ ಬಿಟ್ಟದ್ದೂ ತಾನು, ಈ ಟಾಕೀಸಿನಿಂದ ರೀಲು ಕದ್ದದ್ದೂ ತಾನು. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದರು.

"ಸುಡಬಹುದಿತ್ತಲ್ಲ, ಯಾಕೆ ಇಟ್ಟುಕೊಂಡಿರಿ?" ಎಂದು ಕೇಳಿದೆ.

"ಕೈ ಬರ್ಲಿಲ್ಲ ಮೇಡಂ."

ಆ ಒಂದು ಮಾತು ನಿಜ ಅನ್ನಿಸಿತು. ಉಳಿದದ್ದೆಲ್ಲ ಎಷ್ಟೋ ಸಲ ಮನಸ್ಸಿನಲ್ಲೇ ಹೇಳಿಕೊಂಡು ನುಣುಪಾದ ಮಾತು. ನಾನು ಅವರನ್ನು ಹೊರಗೆ ಕೂರಿಸಿ, ಚಹಾ ಕೊಡಿಸಿ, ಒಳಗೆ ಬಂದು ನಾಗಭೂಷಣನಿಗೆ ಇನ್ನೊಮ್ಮೆ ಓಡಿಸಲು ಹೇಳಿದೆ.

ಈ ಸಲ ಮುಖ ಹುಡುಕಲಿಲ್ಲ. ಬೆನ್ನು ತಿರುಗಿಸಿದವಳ ಮುಖ ಎಷ್ಟು ಸಲ ನೋಡಿದರೂ ಬರುವುದಿಲ್ಲ. ಕೆಳಗೆ ನೋಡಿದೆ. ಈ ರೀಲಿನ ಮೊದಲ ದೃಶ್ಯದಲ್ಲಿ ಸುಗಂಧಿ ಮನೆಯ ಹೊಸ್ತಿಲು ದಾಟುತ್ತಾಳೆ. ಪಾದಗಳನ್ನು ಹತ್ತಿರದಿಂದ ತೋರಿಸಿದ್ದಾರೆ. ಬರಿಗಾಲು, ಕಾಲ್ಗೆಜ್ಜೆ. ಅದು ನಾಯಕಿಯ ಕಾಲು. ಆಮೇಲೆ ಹೊಂಡದ ಮೆಟ್ಟಿಲು. ನೆರಿಗೆ ಎತ್ತಿದಾಗ ಹಿಮ್ಮಡಿ ಕಾಣುತ್ತದೆ. ಹಿಮ್ಮಡಿಯ ಹಿಂದೆ ಒಂದು ಪಟ್ಟಿ. ಅವಳು ಚಪ್ಪಲಿ ಹಾಕಿಕೊಂಡು ನೀರಿಗೆ ಇಳಿದಿದ್ದಾಳೆ.

"ಇನ್ನೊಂದ್ಸಲ ಹಾಕು ನಾಗಭೂಷಣ."

"ರೀಲು ತಡಿಯಲ್ಲ ಮೇಡಂ, ಹರಿದೋಗ್ತೈತೆ."

"ಹರಿದರೆ ನಾನು ಅಂಟಿಸ್ತೀನಿ, ಹಾಕು."

ಹಾಕಿದ. ಪಟ್ಟಿ ಅಲ್ಲೇ ಇತ್ತು.

ಮೊದಲಿಗೆ ಸಿನಿಮಾದವರ ಲೆಕ್ಕ. ಬರಿಗಾಲಲ್ಲಿ ಮನೆ ಬಿಟ್ಟ ನಾಯಕಿಯ ಡೂಪನ್ನು ಚಪ್ಪಲಿ ಹಾಕಿಸಿ ಯಾವ ನಿರ್ದೇಶಕನೂ ಕಳಿಸುವುದಿಲ್ಲ. ಕ್ಯಾಮೆರಾ ಆಚೆ ದಡದ ಬಂಡೆ ಮೇಲಿತ್ತು. ಅದೇ ಸೀರೆ, ಅದೇ ದೀಪ ಕಂಡಿತು, ಅವರು ಕ್ಯಾಮೆರಾ ಓಡಿಸಿದರು. ಆ ದೂರದಿಂದ ಕಾಲು ಯಾರು ನೋಡುತ್ತಾರೆ?

ಇನ್ನು ಹಟ್ಟಿಯವರ ಲೆಕ್ಕ. ಅದು ಅವರ ದೇವರ ಹೊಂಡ. ನಾನು ಮೊಳಕಾಲ್ಮೂರು ಠಾಣೆಯಲ್ಲಿದ್ದಾಗ ಒಂದು ಸಲ ಅಲ್ಲಿಗೆ ಹೋಗಿದ್ದೆ. ಎರಡು ನಿಲುವುಗಲ್ಲು ಇವೆ. ಅದರಿಂದ ಆಚೆ ಕಾಲಲ್ಲಿ ಏನೂ ಇರಬಾರದು. ಸರ್ಕಾರಿ ಬೂಟು ಎಂದು ನಾನು ಜಬರ್ದಸ್ತು ಮಾಡಿದ್ದಕ್ಕೆ ಒಬ್ಬ ಮುದುಕಿ ನನ್ನ ಕಾಲ ಬಳಿ ಕೂತು ತಾನೇ ಲೇಸು ಬಿಚ್ಚಿದಳು. ಆ ಹಟ್ಟಿಯಲ್ಲಿ ಹುಟ್ಟಿದ ಹುಡುಗಿ, ಮುಳ್ಳು ಚುಚ್ಚಿದರೂ, ಆ ನೀರಿಗೆ ಚಪ್ಪಲಿ ಕಾಲು ಇಡುವವಳಲ್ಲ.

ಅಂದರೆ ನೀರಿಗೆ ಇಳಿದವಳು ಚಿನ್ನಕ್ಕನ ಸೀರೆ ಉಟ್ಟ ಬೇರೆ ಯಾರೋ. ಇದು ದೊಡ್ಡೀರಪ್ಪನವರಿಗೆ ಗೊತ್ತು. ಗೊತ್ತಿದ್ದೂ, ಮಾಡದ ಸಾವೊಂದನ್ನು ಮುದಿ ವಯಸ್ಸಿನಲ್ಲಿ ತಲೆ ಮೇಲೆ ಹೊತ್ತುಕೊಳ್ಳಲು ತಯಾರಾಗಿದ್ದಾರೆ. ಕೊಲೆ ಮುಚ್ಚಿಡಲು ಸುಳ್ಳು ಹೇಳುವವರನ್ನು ಲೆಕ್ಕವಿಲ್ಲದಷ್ಟು ಕಂಡಿದ್ದೇನೆ. ಸತ್ತಳು ಎಂದು ಸುಳ್ಳು ಹೇಳುವವರನ್ನು ಕಂಡದ್ದು ಇದೇ ಮೊದಲು.

ಕೇಳಿದರೆ ಬಾಯಿ ಬಿಡುವ ಆಸಾಮಿ ಅಲ್ಲ. ಚಪ್ಪಲಿಯ ಮಾತು ಎತ್ತಿದರೆ ಅದಕ್ಕೂ ಒಂದು ಕಥೆ ಹೊಂದಿಸಿಬಿಟ್ಟಾರು. ಮಾರನೇ ದಿನ ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಹೊರಗೆ ಬಂದು, ಪಾತಮ್ಮನಿಗೆ ಈ ವಿಷಯ ನೀವೇ ಬಂದು ಹೇಳಬೇಕು ಎಂದೆ. ಅವರು ಚಹಾದ ಲೋಟ ಕೆಳಗಿಟ್ಟು, ಆಗಲಿ ಎಂದರು.

ಸಂಜೆ ಪಾತಮ್ಮನಿಗೆ ಫೋನ್ ಮಾಡಿದೆ. ಏನನ್ನೂ ಮುಚ್ಚಿಡಲಿಲ್ಲ, ಅವರು ಹೇಳಿದ್ದು, ನಾನು ಕಂಡದ್ದು, ನನ್ನ ಅನುಮಾನ, ನಾಳೆ ಮಾಡಬೇಕೆಂದಿರುವುದು ಎಲ್ಲ ಹೇಳಿದೆ. ಒಬ್ಬರ ಮನೆಯ ಹಬ್ಬವನ್ನು ಠಾಣೆಯ ಕೋಣೆ ಮಾಡುವುದು ನನಗೂ ಹಿತವಾಗಿರಲಿಲ್ಲ, ಅದನ್ನೂ ಹೇಳಿದೆ.

"ಬರ್ಲಿ," ಎಂದಳು. "ಎಲೆ ತೊಳ್ದು ಇಟ್ಟಿರ್ತೀನಿ."

ಮಾರನೇ ದಿನ ಚಳ್ಳಕೆರೆಯಿಂದ ಹಟ್ಟಿಗೆ ಹೋಗುವಾಗ ದೊಡ್ಡೀರಪ್ಪ ಮಳೆ, ಶೇಂಗಾ, ಕುರಿಗೆ ಬಂದ ರೋಗ ಎಲ್ಲ ಮಾತಾಡಿದರು. ಕೊಂಡ್ಲಹಳ್ಳಿ ದಾಟಿ ಸಿದ್ದಾಪುರದ ಬಂಡೆಗಳು ಕಂಡ ಮೇಲೆ ಬಾಯಿ ಬಂದ್. ನೀವು ಮದುವೆಯೇ ಯಾಕಾಗಲಿಲ್ಲ ಎಂದು ನಾನು ಕೇಳಿದ್ದಕ್ಕೆ, ಮಾತು ಕೊಟ್ಟಾಗಿತ್ತಲ್ಲ ಎಂದರು, ನಿನ್ನೆ ಮೊನ್ನೆ ಕೊಟ್ಟವರ ಹಾಗೆ. ನನಗೆ ಆ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳುವುದು ಕಷ್ಟವಾಗತೊಡಗಿತು.

ಪಾತಮ್ಮನ ಮನೆಯಲ್ಲಿ ಹೋಳಿಗೆಯ ವಾಸನೆ. ಸೊಸೆ ಶೃತಿ ಒಲೆಯ ಮುಂದೆ ಬೆವರುತ್ತಿದ್ದಳು. ನಡುಮನೆಯ ಗೋಡೆಗೆ ಕಳಸ ಇಟ್ಟು, ಮುಂದೆ ಹಿರಿಯರ ಬಟ್ಟೆ ಮಡಿಸಿ ಇಟ್ಟಿದ್ದರು. ಅಪ್ಪನ ಪಂಚೆಯ ಮೇಲೆ ಬೀಡಿ ಕಟ್ಟು. ಅವ್ವನ ಸೀರೆಯ ಮೇಲೆ ಎಲೆ ಅಡಿಕೆ, ಹೊಗೆಸೊಪ್ಪು. ಆ ಇಬ್ಬರ ಎಲೆಗಳಿಗೆ ಬಡಿಸಿ ಆಗಿತ್ತು. ಮೂರನೆಯದು ಖಾಲಿ. ಅದರ ತಲೆಯ ಬಳಿ ಒಂದು ಹೊಸ ಸೀರೆ, ಹಸಿರು ಬಣ್ಣದ್ದು.

ದೊಡ್ಡೀರಪ್ಪ ಆ ಖಾಲಿ ಎಲೆಯನ್ನು ನೋಡಿ ಬಾಗಿಲಲ್ಲೇ ನಿಂತರು. ಪಾತಮ್ಮ ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿ ಕೂರಿಸಿದಳು, ಕೈಮುಗಿದಳು. ಅವರು ಟಾಕೀಸಿನಲ್ಲಿ ಹೇಳಿದ್ದನ್ನೇ, ಅದೇ ಮಾತುಗಳಲ್ಲಿ, ಅದೇ ಸಾಲಿನಲ್ಲಿ ಒಪ್ಪಿಸಿದರು. ಪಾತಮ್ಮ ನೆಲ ನೋಡುತ್ತಾ ಕೇಳಿದಳು. ಅಳಲಿಲ್ಲ. ಅನುಮಾನವನ್ನು ನಾನು ಮೊದಲೇ ಹೇಳಿದ್ದರೂ, ಆ ಮಾತು ಅವಳಿಗೆ ನಾಟುತ್ತಿದ್ದುದು ನನಗೆ ಕಾಣುತ್ತಿತ್ತು.

"ಅವಳಿಗೆ ನೋವಾಯ್ತಾ ಭಾವ?" ಎಂದು ಕೇಳಿದಳು.

"ಇಲ್ಲ."

"ಹಂಗಾದ್ರೆ ನೀನೇ ಬಡ್ಸು. ಕೊನೇಲಿ ನೋಡಿದೋನು ನೀನೇ ಅಲ್ವಾ? ಹೆಸರು ನೀನೇ ಕರಿ, ಬಂದು ಉಣ್ಲಿ."

ದೊಡ್ಡೀರಪ್ಪ ನನ್ನ ಕಡೆ ನೋಡಿದರು. ನಾನು ಕಳಸದ ಕಡೆ ನೋಡಿದೆ.

ಎದ್ದರು. ಕೈ ತೊಳೆದರು. ಶೃತಿ ತಂದಿಟ್ಟ ಪಾತ್ರೆಯಿಂದ ಅನ್ನ ತೆಗೆದುಕೊಂಡು ಎಲೆಯ ಮುಂದೆ ಬಗ್ಗಿದರು. ತುಟಿ ಅಲ್ಲಾಡಿತು, ಹೆಸರು ಬರಲಿಲ್ಲ. ಮತ್ತೆ ಉಸಿರು ಎಳೆದುಕೊಂಡರು. "ಚಿನ್ನ..." ಎಂದರು. ಕೈ ಎಲೆಯ ಮೇಲೆ ಹಾಗೇ ನಿಂತಿತು. ಅನ್ನದ ಅಗುಳೊಂದು ಜಾರಿ ಎಲೆಯ ಮೇಲೆ ಬೀಳುವಷ್ಟರಲ್ಲಿ ಅವರು ಇನ್ನೊಂದು ಕೈ ಅಡ್ಡ ಹಿಡಿದರು.

ಆ ಅಗುಳನ್ನು ಪಾತ್ರೆಗೆ ಹಾಕಿ, ಎಲೆಯನ್ನು ಎಳೆದುಕೊಂಡು, ನಡುವಿಗೆ ಮಡಿಚಿ ತಮ್ಮ ತೊಡೆಯ ಕೆಳಗೆ ಇಟ್ಟುಕೊಂಡು ಕೂತುಬಿಟ್ಟರು.

"ಬ್ಯಾಡ ಪಾತಮ್ಮ. ಬದುಕಿರೋರಿಗೆ ಇಡಬಾರ್ದು."

ನನ್ನ ಮುಂದೆ ಸುಳ್ಳು ಹೇಳಿದ್ದ, ಬೇಕಾದರೆ ಜಡ್ಜಿನ ಮುಂದೆಯೂ ಹೇಳಿ ಜೈಲಿಗೆ ಹೋಗುತ್ತಿದ್ದ ಮನುಷ್ಯ. ಒಂದು ತುತ್ತು ಅನ್ನ ಬಡಿಸಿದ್ದರೆ ಗೆದ್ದಿರುತ್ತಿದ್ದರು. ಆ ತುತ್ತಿನಿಂದ ಅವಳ ಆಯಸ್ಸು ಕಡಿಮೆಯಾಗುತ್ತದೆ ಎಂಬ ಒಂದೇ ಭಯಕ್ಕೆ ಸೋತರು. ಬೇಕಾದದ್ದು ನನಗೆ ಸಿಕ್ಕಿತ್ತು, ಆದರೂ ಸಂತೋಷವಾಗಲಿಲ್ಲ. ಇಷ್ಟು ಪ್ರೀತಿಯನ್ನು ಬಲೆಯಾಗಿ ಬೀಸಿದೆನಲ್ಲ ಎಂದು ನಾಚಿಕೆಯಾಯಿತು.

ಪಾತಮ್ಮ ಮೊದಲು ನಕ್ಕಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ಚಿಕ್ಕ ಹುಡುಗಿಯ ಹಾಗೆ. ಶೃತಿ ಹೆದರಿ ಓಡಿಬಂದಳು. ಆಮೇಲೆ ನಗು ನಿಂತಿತು, ಮುಖ ಕೆಂಪಾಯಿತು.

"ಬದುಕಿದ್ರೆ ಯಾಕೆ ಬರ್ಲಿಲ್ಲ? ಅವ್ವ ಬಾಗ್ಲು ನೋಡ್ತಾ ನೋಡ್ತಾನೇ ಹೋದ್ಲು. ಅಪ್ಪನಿಗೆ ಹೆದ್ರಿದ್ಲು ಅನ್ನು, ಅಪ್ಪ ಸತ್ತು ಎಷ್ಟು ಕಾಲ ಆಯ್ತು? ನಾನೊಬ್ಳು ಇದ್ದೆ ಅನ್ನೋದೂ ಮರ್ತೋಯ್ತಾ ಅವಳಿಗೆ?"

ದೊಡ್ಡೀರಪ್ಪ ತಲೆ ತಗ್ಗಿಸಿ ಹೇಳುತ್ತಾ ಹೋದರು. ಆ ದಿನ ಹೊಂಡದ ಬಳಿ ಚಿನ್ನಕ್ಕ ನೋಡಬಾರದ್ದನ್ನು ನೋಡಿದಳು. ಆ ಗಳಿಗೆಯಲ್ಲೇ ಅವಳನ್ನು ಯೂನಿಟ್ಟಿನ ವ್ಯಾನಿನಲ್ಲಿ ಕೂರಿಸಿ ಆಂಧ್ರದ ಗಡಿ ದಾಟಿಸಿದ್ದು ತಾನೇ. ರಾಯದುರ್ಗದ ಆಚೆ ಒಂದು ಹಳ್ಳಿಯಲ್ಲಿ ಬಿಟ್ಟರು. ಅಲ್ಲಿ ಹೆಸರು ಬದಲಾಯಿಸಿಕೊಂಡಳು, ತೆಲುಗು ಕಲಿತಳು, ಕುರಿ ಸಾಕಿಕೊಂಡು ಒಬ್ಬಳೇ ನಿಂತಳು. ಏನು ನೋಡಿದಳು ಎಂದು ನಾನು ಕೇಳಿದೆ. ಚಪ್ಪಲಿ ಹಾಕಿಕೊಂಡು ನೀರಿಗೆ ಇಳಿದವಳು ಯಾರು ಎಂದೂ ಕೇಳಿದೆ.

ಚಪ್ಪಲಿ ಎಂಬ ಮಾತಿಗೆ ಅವರ ಮುಖ ಬೂದಿಯಾಯಿತು. ಅದೊಂದು ಕೇಳಬೇಡಿ ಎಂದು ನನಗೆ ಕೈಮುಗಿದರು.

"ನನ್ನ ಮಾತಿಗೆ ಉತ್ರ ಕೊಡು ಭಾವ," ಎಂದಳು ಪಾತಮ್ಮ. ಅವಳಿಗೆ ಚಪ್ಪಲಿಯೂ ಬೇಡ, ಹೊಂಡವೂ ಬೇಡ. "ಯಾಕೆ ಬರ್ಲಿಲ್ಲ?"

"ಬರ್ತೀನಿ ಅಂತ ಕುಂತಿದ್ಲು," ಎಂದರು ದೊಡ್ಡೀರಪ್ಪ. "ಊರು ಬ್ಯಾಡ, ಅಪ್ಪ ಬ್ಯಾಡ, ನನ್ ತಂಗಿನ ಕರ್ಕೊಂಡು ಬರ್ತೀನಿ ಅಂತ ಒಂದೇ ಹಟ. ಬಂದಿದ್ರೆ ಬಿಡ್ತಿರ್ಲಿಲ್ಲ, ಅವತ್ತು ಹೊಂಡದ ಹತ್ರ ಅವಳು ನೋಡಿದೋರು. ಏನ್ ಮಾಡ್ಲಿ ನಾನು? ನೀನು ಸತ್ತೆ ಅಂದೆ."

"ಯಾರು?"

"ನೀನೇ. ಪಾತಮ್ಮ ಜ್ವರದಾಗೆ ಹೋದ್ಲು ಅಂದೆ. ಮೂರು ದಿನ ನೀರು ಮುಟ್ಲಿಲ್ಲ. ಆಮೇಲೆ ಊರಿನ ಮಾತೇ ಎತ್ಲಿಲ್ಲ."

ಒಲೆಯ ಮೇಲೆ ಹೋಳಿಗೆ ಸೀಯುವ ವಾಸನೆ ಬಂತು. ಯಾರೂ ಎದ್ದು ಹೋಗಲಿಲ್ಲ. ಪಾತಮ್ಮ ಗೋಡೆಯ ಬಳಿಯ ಕಳಸ ನೋಡಿದಳು, ಅವ್ವನ ಎಲೆ ನೋಡಿದಳು. ಅವಳ ಮನಸ್ಸಿನಲ್ಲಿ ಏನು ಮೂಡುತ್ತಿದೆ ಎಂಬುದು ನನಗೆ ಅವಳ ಮುಖದಿಂದಲೇ ತಿಳಿಯಿತು.

"ಅವಳೂ ಹಬ್ಬ ಮಾಡ್ತಾಳಾ?" ಎಂದು ಕೇಳಿದಳು.

ದೊಡ್ಡೀರಪ್ಪ ತಲೆ ಆಡಿಸಿದರು. "ಒಂದು ವರ್ಷನೂ ಬಿಟ್ಟಿಲ್ಲ. ನಿನ್ನ ಹೆಸರಿಗೊಂದು ಚಿಕ್ಕ ಲಂಗ ತಂದು ಇಡ್ತಾಳೆ. ಪುರಿ ಉಂಡೆ ಇಡ್ತಾಳೆ, ನಿಂಗೆ ಇಷ್ಟ ಅಂತ. ಬಾ ಪಾತು, ಉಣ್ಣು ಬಾ ಅಂತ ಕರೀತಾಳೆ. ಇಷ್ಟೊತ್ತಿಗೆ ಇಟ್ಟಿರ್ತಾಳೆ."

ಪಾತಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಸಿರು ಸೀರೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲ ಕಡೆ ನಡೆದಳು. ಎಪ್ಪತ್ತು ದಾಟಿದ ದೊಡ್ಡೀರಪ್ಪ ಅದೆಲ್ಲಿಂದ ಬಲ ತಂದುಕೊಂಡರೋ, ಓಡಿಹೋಗಿ ಎರಡು ಕೈ ಅಗಲಿಸಿ ಬಾಗಿಲಿಗೆ ಅಡ್ಡ ನಿಂತರು.

"ಬ್ಯಾಡ ಕಣವ್ವ. ನೀವು ಅಲ್ಲಿಗೆ ಹೋದ್ರೆ ನೀರಿಗೆ ಇಳ್ದೋಳ ಹೆಸರು ಹೊರಗೆ ಬರ್ತೈತೆ. ಅವತ್ತಿನೋರು ಇನ್ನೂ ಇದ್ದಾರೆ, ಆ ಹೆಸರು ಬಂದ ದಿನ ನಿಮ್ಮಕ್ಕ ಉಳಿಯಲ್ಲ. ನಾನು ಇಷ್ಟು ವರ್ಷ ಕಾದಿದ್ದು ಅದ್ಕೇ."

ನಾನು ಅವರ ಮುಂದೆ ಹೋಗಿ ನಿಂತೆ. ಅವರ ಕಣ್ಣಲ್ಲಿ ಈಗ ಸುಳ್ಳು ಇರಲಿಲ್ಲ, ಬರೀ ಹೆದರಿಕೆ. ಹೋಗುವುದೋ, ತಡೆಯುವುದೋ ಎಂದು ನಾನು ಇನ್ನೂ ಯೋಚಿಸುತ್ತಿದ್ದೆ. ಪಾತಮ್ಮ ಅವರ ಚಾಚಿದ ಕೈಯನ್ನು ಮೆಲ್ಲಗೆ ಇಳಿಸಿ, ಹೊಸ್ತಿಲು ದಾಟಿ, ನನ್ನ ಕಡೆ ತಿರುಗಿದಳು.

"ನಡೀರಿ ಮೇಡಂ. ನನ್ನ ಎಡೆ ಆರಿ ಹೋಗ್ತೈತೆ."